ಮಂಗಳಕ್ಕೆ ಹೋಗಬಹುದು, ಅಲ್ಲಿ ಉಣ್ಣೋದು ಏನನ್ನ?

ಮಂಗಳ ಗ್ರಹದಲ್ಲಿ ಮನುಷ್ಯ ಬದುಕಬಹುದಾ ಅನ್ನೋ ಚರ್ಚೆ ಬಂದಾಗಲೆಲ್ಲ ಮಾತು ರಾಕೆಟ್ ಸುತ್ತಲೇ ಸುತ್ತುತ್ತೆ. ಎಷ್ಟು ದೊಡ್ಡದು, ಯಾವ ವರ್ಷ ಹೊರಡುತ್ತೆ, ಎಷ್ಟು ಜನ ಹಿಡಿಸ್ತಾರೆ. ಹಾಸನದಲ್ಲಿ ಆಲೂಗಡ್ಡೆ ಬೆಳೆಯೋರ ಮನೆಯಲ್ಲಿ ಹುಟ್ಟಿದ ನನಗೆ ಮೊದಲು ಕೇಳಬೇಕು ಅನ್ನಿಸೋದು ಬೇರೆ. ಅಲ್ಲಿ ಊಟಕ್ಕೇನು? ಅದನ್ನ ಬೆಳೆಯೋಕೆ ಮಣ್ಣೆಲ್ಲಿದೆ?

ಹೋಗೋದು ಒಂದು ದಿನ ಆಗೇ ಆಗುತ್ತೆ, ಅದರಲ್ಲಿ ನನಗೆ ಅನುಮಾನ ಇಲ್ಲ. 450 ಕೋಟಿ ರೂಪಾಯಿ ಖರ್ಚಿನಲ್ಲಿ ಮಂಗಳಯಾನವನ್ನ ಮೊದಲ ಪ್ರಯತ್ನದಲ್ಲೇ, 2014ರ ಸೆಪ್ಟೆಂಬರ್ 24ರಂದು, ಕಕ್ಷೆಗೆ ಸೇರಿಸಿದ ದೇಶ ನಮ್ಮದು. ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರೋ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನ ಹಗಲೂ ರಾತ್ರಿ ಕಾಯ್ತಾ ಇದ್ದಾರೆ. ಹಾಸನದವರಿಗೆ ಇದು ಹೆಮ್ಮೆಯ ವಿಷಯ, ನನಗೂ.

ಆದರೆ ಮಂಗಳದ ನೆಲದ ಮೇಲೆ ಇರೋದು ಬರೀ ಕಲ್ಲುಪುಡಿ. ಕೊಳೆತ ಎಲೆ ಇಲ್ಲ, ಎರೆಹುಳು ಇಲ್ಲ, ಇವತ್ತಿನವರೆಗೆ ಒಂದು ಸೂಕ್ಷ್ಮಜೀವಿಯೂ ಸಿಕ್ಕಿಲ್ಲ. 2008ರಲ್ಲಿ ಇಳಿದ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಅನ್ನೋ ಲವಣ ಕಂಡುಹಿಡೀತು. ಅದು ಥೈರಾಯ್ಡ್ ಗ್ರಂಥಿಗೆ ಕೇಡು. ತೊಳೆದು ತೆಗೆಯೋಣ ಅಂದರೆ ನೀರೆಲ್ಲ ಹಿಮಗಡ್ಡೆ. ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ಸರಾಸರಿ ಚಳಿ ಮೈನಸ್ 60 ಡಿಗ್ರಿ. ಬೆಳೆಯೋದಾದರೆ ಗಾಳಿ ಆಡದ ಹಾಗೆ ಮುಚ್ಚಿದ ಮನೆಯೊಳಗೇ ಬೆಳೆಯಬೇಕು.

ಅಂಥ ಮನೆಯನ್ನ ಭೂಮಿಯಲ್ಲೇ ಕಟ್ಟಿ ನೋಡಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ, ಮೂರು ಎಕರೆಗೂ ಸ್ವಲ್ಪ ಜಾಸ್ತಿ ಜಾಗದಲ್ಲಿ, ಬಯೋಸ್ಫಿಯರ್ 2. 1991ರಲ್ಲಿ ಎಂಟು ಜನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತಾವೇ ಬೆಳೆದು ತಿಂದು ಎರಡು ವರ್ಷ ಇರಬೇಕು ಅನ್ನೋದು ಲೆಕ್ಕ. ಬಿಸಿಲಿತ್ತು, ನೀರಿತ್ತು, ಒಳ್ಳೆ ಗೊಬ್ಬರದ ಮಣ್ಣೂ ಇತ್ತು. ಆದರೂ ಒಳಗಿನ ಆಮ್ಲಜನಕ ಶೇಕಡಾ 21ರಿಂದ 14.5ರ ಹತ್ತಿರಕ್ಕೆ ಇಳಿದು, ಜನ ಮೆಟ್ಟಿಲು ಹತ್ತೋಕೂ ಏದುಸಿರು ಬಿಡೋ ಹಾಗಾಯ್ತು. ಆಮ್ಲಜನಕ ಹೋಗಿದ್ದು ಮಣ್ಣಿಗೆ. ಅದರೊಳಗಿನ ಸೂಕ್ಷ್ಮಜೀವಿಗಳು ಗೊಬ್ಬರ ತಿಂತಾ ಗಿಡ ಕೊಡೋದಕ್ಕಿಂತ ಹೆಚ್ಚು ಆಮ್ಲಜನಕ ಎಳೆದುಕೊಂಡವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತೆ ಗಿಡಕ್ಕೆ ಸಿಕ್ಕಿದ್ದರೆ ಲೆಕ್ಕ ಸರಿಹೋಗ್ತಿತ್ತೇನೋ, ಆದರೆ ಅದರಲ್ಲಿ ಬಹುಪಾಲನ್ನ ಕಾಂಕ್ರೀಟ್ ಗೋಡೆ ಹೀರಿತು. ಕೊನೆಗೆ ಹೊರಗಿಂದ ಆಮ್ಲಜನಕ ತುಂಬಬೇಕಾಯ್ತು. ಮಂಗಳದಲ್ಲಿ ಹೊರಗಿಂದ ತುಂಬೋರು ಯಾರು?

ಮಣ್ಣೇ ಬೇಡ, ನೀರಿನಲ್ಲೇ ಬೆಳೆಯಬಹುದಲ್ಲ ಅಂತ ಕೆಲವರು ಕೇಳ್ತಾರೆ. ಸೊಪ್ಪಿನ ಮಟ್ಟಿಗೆ ಆಗುತ್ತೆ. ಆದರೆ ಆ ನೀರಿಗೆ ಹಾಕೋ ಪೋಷಕಾಂಶ ಇಲ್ಲಿಂದಲೇ ಹೋಗಬೇಕು, ಮಂಗಳಕ್ಕೆ ಹೊರಡೋ ಒಳ್ಳೆ ಸಮಯ ಬರೋದೇ 26 ತಿಂಗಳಿಗೊಮ್ಮೆ. ಅಲ್ಲೇ ತಯಾರಾಗಬೇಕು ಅಂದರೆ ತಿಂದುಳಿದದ್ದು, ಮಲಮೂತ್ರ, ಒಣಗಿದ ಕಡ್ಡಿ ಎಲ್ಲ ಕೊಳೆತು ಮತ್ತೆ ಗಿಡಕ್ಕೆ ಸೇರಬೇಕು. ತಿಪ್ಪೆಗುಂಡಿ ದಿನಾ ಮಾಡೋ ಕೆಲಸ ಅದು. ಸೂಕ್ಷ್ಮಜೀವಿ ಇಲ್ಲದೆ ಇದನ್ನೆಲ್ಲ ಪೂರ್ತಿಯಾಗಿ ನಡೆಸೋ ಯಂತ್ರ ಇನ್ನೂ ಬಂದಿಲ್ಲ.

ನಮ್ಮಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಆ ಕೆಲಸ ಹೇಗೆ ಕೆಡುತ್ತೆ ಅಂತ ಹಾಸನದ ರೈತರಿಗೆ ಗೊತ್ತು. ಶುಂಠಿಗೆ ಗುತ್ತಿಗೆ ಕೊಟ್ಟ ಹೊಲಕ್ಕೆ ಬೀಳೋ ಔಷಧಿ, ಗೊಬ್ಬರ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಕೊಳೆರೋಗ ಬಂತು ಅಂದರೆ ಬೆಳೆದವರು ಬೇರೆ ಹೊಲ ಹುಡುಕಿಕೊಂಡು ಹೋಗ್ತಾರೆ. ಜಲಂಧರದಿಂದ ಬಿತ್ತನೆ ಗೆಡ್ಡೆ ತರಿಸಿ ಹಾಕಿದ ಆಲೂಗಡ್ಡೆ ಅಂಗಮಾರಿ ರೋಗಕ್ಕೆ ವಾರದೊಳಗೆ ಕರಕಲಾಗೋದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಇಷ್ಟು ಮಳೆ, ಇಷ್ಟು ಗಾಳಿ ಇರೋ ಕಡೆಯೇ ಹೀಗೆ.

ಹಾಗಂತ ಮಂಗಳದ ಕನಸು ಬಿಡಿ ಅಂತ ನಾನು ಹೇಳಲ್ಲ. 2022ರಲ್ಲಿ ಫ್ಲೋರಿಡಾದ ವಿಜ್ಞಾನಿಗಳು ಅಪೊಲೊ ಗಗನಯಾತ್ರಿಗಳು ತಂದ ಚಂದ್ರನ ಮಣ್ಣಿನಲ್ಲಿ ಸಾಸಿವೆ ಜಾತಿಯ ಒಂದು ಪುಟ್ಟ ಗಿಡ ಬೆಳೆಸಿದ್ದಾಗಿ ತಿಳಿಸಿದರು. ಬೀಜ ಮೊಳೆತವು, ಆಮೇಲೆ ಗಿಡ ಕುಗ್ಗಿದವು. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ ಸಿ60 ರಾಕೆಟ್ ಜೊತೆ ಹೋದ ಎಂಟು ಅಲಸಂದೆ ಕಾಳು ಬಾಹ್ಯಾಕಾಶದಲ್ಲಿ ನಾಲ್ಕೇ ದಿನಕ್ಕೆ ಮೊಳಕೆ ಒಡೆದವು. ಸುದ್ದಿ ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೊಳಕೆಗೆ ಬೇಕಾದ ಬುತ್ತಿ ಕಾಳಿನೊಳಗೇ ಇರುತ್ತೆ, ಅದು ಮುಗಿದ ಮೇಲಿನ ಬೆಳೆಯೇ ನಿಜವಾದ ಕೆಲಸ.

ಎಂಸಿಎಫ್ ನೋಡಿ ಬಂದ ಮಕ್ಕಳು ಎಂಜಿನಿಯರ್ ಆಗ್ತೀನಿ ಅಂತಾರೆ. ಕಾರೆಕೆರೆ ಕೃಷಿ ಕಾಲೇಜಿನಲ್ಲಿ ಮಣ್ಣು ಓದಿದವರೂ ಮಂಗಳಕ್ಕೆ ಬೇಕು ಅಂತ ಆ ಮಕ್ಕಳಿಗೆ ಯಾರಾದರೂ ಹೇಳಬೇಕು. ಇಸ್ರೋದವರು ಆ ಕಾಲೇಜಿನ ಜೊತೆ ಸೇರಿ ಹತ್ತು ಗುಂಟೆಯ ಒಂದು ಮುಚ್ಚಿದ ಗಾಜಿನಮನೆ ಹಾಸನದಲ್ಲೇ ಕಟ್ಟಲಿ, ಒಳಗೆ ಆಲೂಗಡ್ಡೆ ಹಾಕಲಿ ಅನ್ನೋದು ನನ್ನ ಆಸೆ. ಅಲ್ಲಿ ಮಣ್ಣಿನ ಬಗ್ಗೆ ಕಲಿತದ್ದು ಮಂಗಳಕ್ಕೆ ಹೋಗೋಕೆ ಮೊದಲು ಶುಂಠಿ ತೆಗೆದ ನಮ್ಮ ಹೊಲಗಳಿಗೆ ಬೇಕಾಗಿದೆ.