ಕುರಿ ಮೈ ಉಜ್ಜುವ ಕಂಚು

ಡಿಸೆಂಬರ್ ಕೊನೆಯಲ್ಲಿ ನಮ್ಮ ಲೀಡ್ಸ್‌ನಲ್ಲಿ ಮಧ್ಯಾಹ್ನ 3.45ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಮುಳುಗುತ್ತಾನೆ ಎನ್ನುವುದು ಪಂಚಾಂಗದ ಮಾತು. ಎಷ್ಟೋ ದಿನ ಅವನು ಹುಟ್ಟಿದ್ದೇ ಯಾರಿಗೂ ಗೊತ್ತಾಗಿರುವುದಿಲ್ಲ. ಆರು ತಿಂಗಳ ವೀಸಾದ ಮೇಲೆ ಬಂದಿದ್ದ ಅವ್ವ ಮೂರನೇ ವಾರಕ್ಕೆ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತವಳು ಮಾತು ಕಡಿಮೆ ಮಾಡಿದಳು. "ಏನಾತವ್ವಾ?" ಎಂದರೆ, "ಏನಿಲ್ಲಪಾ. ಇಲ್ಲಿ ಹೊತ್ತ ಮೂಡೂದಿಲ್ಲ, ಇನ್ನ ಮುಣಗೂದೆಲ್ಲಿ" ಅಂದಳು. ಹಾನಗಲ್ ಸೀಮೆಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ತಾಸು ದಾಟುತ್ತದೆ. ಇಲ್ಲಿ ಏಳೂವರೆ ತಾಸೂ ತುಂಬುವುದಿಲ್ಲ. ಅರವತ್ತೆಂಟು ವರ್ಷ ಹೊತ್ತು ನೋಡಿಯೇ ಉಂಡು ಮಲಗಿದ ಜೀವಕ್ಕೆ ಗಡಿಯಾರ ನೋಡಿ ಉಣ್ಣು ಅಂದರೆ ಹೇಗೆ?

ಇಂಗ್ಲೆಂಡಿನವರ ಹತ್ತಿರ ಇದಕ್ಕೆ ಇರುವುದು ಒಂದೇ ಮದ್ದು: ಕೋಟು ಹಾಕು, ಹೊರಗೆ ನಡಿ. ನಮ್ಮಲ್ಲಿ ತದ್ವಿರುದ್ಧ. ಹನಿ ಬಿದ್ದರೆ, ಮಂಜು ಇಳಿದರೆ "ಒಳಗ ಬಾ, ನೆಗಡಿ ಆಕ್ಕತಿ." ನಾನೂ ಬಂದ ಮೊದಲೆರಡು ಚಳಿಗಾಲ ಹೀಗೇ ಒಳಗೆ ಹೊದ್ದುಕೊಂಡು ಕಳೆದೆ. ಮಾರ್ಚ್ ಹೊತ್ತಿಗೆ ಟೋಸ್ಟರ್ ಜೊತೆಗೂ ಜಗಳವಾಡುವ ಸ್ಥಿತಿಗೆ ಬಂದಿದ್ದೆ. ಈ ಮಂಕಿಗೆ 1984ರಲ್ಲಿ ವೈದ್ಯಕೀಯ ಹೆಸರು ಕೊಟ್ಟ ಮನೋವೈದ್ಯರಲ್ಲಿ ನಾರ್ಮನ್ ರೋಸೆಂತಾಲ್ ಮುಖ್ಯರು. ಅವರೂ ಬಿಸಿಲ ನಾಡಿನವರೇ. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋದ ಮೇಲೆ ಚಳಿಗಾಲದಲ್ಲಿ ತಮಗೇ ಕೆಲಸ ಸಾಗದಂತಾದುದನ್ನು ಗಮನಿಸಿದವರು. ಇದನ್ನು ಓದಿದಾಗ ನನಗೆ ಅರ್ಧ ರೋಗ ಹೋದಂತಾಯಿತು. ಇನ್ನರ್ಧ ಹೋಗಿದ್ದು ನಡೆದಾಡಿ. ಎಷ್ಟೇ ಮೋಡ ಕವಿದಿರಲಿ, ಮಧ್ಯಾಹ್ನದ ಹೊರಬೆಳಕು ಮನೆಯ ದೀಪಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಮೈಗೆ ತಿಳಿಯುತ್ತದೆ.

ಹಾಗಾಗಿ ಜನವರಿಯ ಒಂದು ಶನಿವಾರ ಅವ್ವನನ್ನು ಯಾರ್ಕ್‌ಶೈರ್ ಸ್ಕಲ್ಪ್‌ಚರ್ ಪಾರ್ಕಿಗೆ ಕರೆದುಕೊಂಡು ಹೋದೆ. ಸೀರೆಯ ಒಳಗೆ ಥರ್ಮಲ್ ಪ್ಯಾಂಟು, ಮೇಲೆ ನನ್ನ ಹಳೇ ಕೋಟು, ಕಾಲಿಗೆ ಸೊಸೆಯ ರಬ್ಬರ್ ಬೂಟು. ಇಳಕಲ್ ಸೀರೆಯ ದಡಿ ಬೂಟಿನೊಳಗೆ ತುರುಕಿಕೊಂಡಿತ್ತು. ಕನ್ನಡಿ ನೋಡಿಕೊಂಡು, "ಗೊಬ್ಬರ ಹೊರಾಕ ಹೊಂಟಂಗ ಆಗೈತಿ" ಅಂದಳು. ನಕ್ಕಳಲ್ಲ, ಅಷ್ಟು ಸಾಕು ಅನ್ನಿಸಿತು.

ವೇಕ್‌ಫೀಲ್ಡ್ ಊರಿನ ಹತ್ತಿರ, ಬ್ರೆಟನ್ ಹಾಲ್ ಎಂಬ ಹಳೆಯ ಜಮೀನ್ದಾರಿ ಬಂಗಲೆಯ 500 ಎಕರೆ ಜಾಗ ಅದು. 1977ರಲ್ಲಿ ಪೀಟರ್ ಮರೆ ಎಂಬ ಕಲಾ ಅಧ್ಯಾಪಕರು ಕೆಲವೇ ಶಿಲ್ಪಗಳಿಂದ ಶುರು ಮಾಡಿದ್ದು. ಅದರ ಒಂದು ಭಾಗ ಕಂಟ್ರಿ ಪಾರ್ಕು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪಾರ್ಕ್ ಎಂದ ಕೂಡಲೇ ನಮಗೆ ಕಣ್ಣ ಮುಂದೆ ಬರುವುದು ಕತ್ತರಿಸಿದ ಗಿಡ, ಸಿಮೆಂಟಿನ ಬೆಂಚು, ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಬೋರ್ಡು, ನಡುಮಧ್ಯಾಹ್ನ ಬೀಗ. ಬೆಂಗಳೂರಿನಲ್ಲಿದ್ದ ನಾಲ್ಕು ವರ್ಷವೂ ನನಗೆ ಬಿಡುವಿದ್ದಾಗ ನಮ್ಮ ಬಡಾವಣೆಯ ಪಾರ್ಕಿಗೆ ಬಿಡುವಿರಲಿಲ್ಲ. ಕಂಟ್ರಿ ಪಾರ್ಕ್ ಬೇರೆ ಜಾತಿ. 1968ರ ಒಂದು ಕಾಯ್ದೆಯಿಂದ ಹುಟ್ಟಿದ್ದು. ಪಟ್ಟಣದ ಜನ ದೂರದ ಗುಡ್ಡಗಾಡಿಗೆ ಹೋಗದೆ ಹತ್ತಿರದಲ್ಲೇ ಹಳ್ಳಿಯ ಮಣ್ಣು ತುಳಿಯಲಿ ಎಂಬ ಲೆಕ್ಕ. ಹೂವಿನ ಪಾತಿಗಳಿಗಿಂತ ಕೆಸರು, ಕಾಡು, ಕೆರೆ, ದನಕರು ಹೆಚ್ಚು. ಗೇಟು ತೆಗೆದರೆ ಮುಚ್ಚಿ ಹೋಗಬೇಕು, ಅದೇ ಶಿಷ್ಟಾಚಾರ. ಅವ್ವ ಎರಡು ನಿಮಿಷ ಸುತ್ತ ನೋಡಿ ತೀರ್ಪು ಕೊಟ್ಟಳು: "ಇದು ಪಾರ್ಕ್ ಅಲ್ಲ ಬಿಡು, ಗೋಮಾಳ."

ಎದುರಿಗೆ ಬಂದ ಮುದುಕಿಯೊಬ್ಬಳು ನಾಯಿಯ ಹಗ್ಗ ಹಿಡಿದುಕೊಂಡು "ಮಾರ್ನಿಂಗ್, ಲವ್" ಎಂದು ಅವ್ವನಿಗೆ ಹೇಳಿ ಹೋದಳು. ಯಾರ್ಕ್‌ಶೈರ್‌ನಲ್ಲಿ ಬಸ್ಸಿನವರಿಂದ ಹಿಡಿದು ಅಂಗಡಿಯವರವರೆಗೆ ಎಲ್ಲರೂ ಎಲ್ಲರಿಗೂ ಲವ್ವೇ. ನಮ್ಮ ಕಡೆ ಯವ್ವಾ, ತಂಗಿ ಎಂದಂತೆ. ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಹೋಗುವ ಈ ಜನಕ್ಕೆ ಕೆಸರು ದಾರಿಗೆ ಬಂದ ಕೂಡಲೇ ಬಾಯಿ ಬರುವುದು ಏಕೋ, ನನಗೆ ಹದಿನಾಲ್ಕು ವರ್ಷದಲ್ಲಿ ತಿಳಿದಿಲ್ಲ. ಅವ್ವ ಮುಂದಿನ ನಾಲ್ಕು ಜನಕ್ಕೆ ತಾನೇ ಮೊದಲು "ಮಾರ್ನಿಂಗ್" ಅಂದಳು. ಆಗ ಒಂದೂವರೆ ಗಂಟೆ.

ಇಳಿಜಾರು ದಾಟಿದರೆ ಹೆನ್ರಿ ಮೂರ್. ಇಲ್ಲಿಂದ ಅರ್ಧ ತಾಸಿನ ದಾರಿ ಕ್ಯಾಸಲ್‌ಫರ್ಡ್ ಊರಲ್ಲಿ 1898ರಲ್ಲಿ ಹುಟ್ಟಿದ ಗಣಿ ಕಾರ್ಮಿಕನ ಮಗ. ಅವನು 1960ರ ದಶಕದ ಕೊನೆಯಲ್ಲಿ ಮಾಡಿದ ಎರಡು ಭಾರೀ ಕಂಚಿನ ಆಕೃತಿಗಳು ಬಯಲಿನ ನಡುವೆ ನಿಂತಿವೆ. ಆಳಿಗಿಂತ ಎತ್ತರ, ಒಂದಕ್ಕೊಂದು ಏನೋ ಗುಟ್ಟು ಹೇಳುತ್ತಿರುವ ಹಾಗೆ ಬಾಗಿ, ಎರಡರ ನಡುವೆಯೂ ದೊಡ್ಡ ತೂತು. ಮೂಳೆ ಅನ್ನಿ, ಹೊಳೆಗಲ್ಲು ಅನ್ನಿ.

"ಇದನ್ನ ಮಾಡಿದಾವ ಮೂರ್ ಅಂತ."

"ಮೂರು? ಎರಡ ಅದಾವಲ್ಲೋ."

ಕಂಚಿನ ಸುತ್ತ ಕುರಿಗಳು. ಗಾಳಿ ಹೊಡೆಯುವ ಬದಿ ಬಿಟ್ಟು ಇನ್ನೊಂದು ಬದಿಗೆ ಏಳೆಂಟು ಕುರಿ ಒತ್ತಿಕೊಂಡು ಮಲಗಿದ್ದವು. ಒಂದು ಮಾತ್ರ ಎದ್ದು ನಿಂತು ಪಕ್ಕೆಯನ್ನು ಕಂಚಿನ ಅಂಚಿಗೆ ಕೊಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಉಜ್ಜುತ್ತಿತ್ತು, ಕಣ್ಣು ಅರ್ಧ ಮುಚ್ಚಿ. ಉಜ್ಜಿ ಉಜ್ಜಿ ಕುರಿಯ ಎತ್ತರದವರೆಗೆ ಕಂಚಿನ ಬಣ್ಣವೇ ಬೇರೆಯಾಗಿತ್ತು, ಒಂದೆರಡು ಉಣ್ಣೆಯ ಎಳೆ ಅಂಟಿತ್ತು. ಸುತ್ತ ಬೇಲಿಯಿಲ್ಲ, ಕಾವಲುಗಾರನಿಲ್ಲ, ಪೀಪಿ ಊದುವವನಿಲ್ಲ. ಮೂರ್‌ಗೆ ಕುರಿ ಎಂದರೆ ಪ್ರೀತಿ. 1972ರಲ್ಲಿ ಕುರಿಗಳದ್ದೇ ಒಂದು ರೇಖಾಚಿತ್ರದ ಪುಸ್ತಕ ತುಂಬಿಸಿದ್ದಾನೆ. ತನ್ನ ಶಿಲ್ಪದ ಹತ್ತಿರ ಆಕಳೋ ಕುದುರೆಯೋ ನಿಂತರೆ ಶಿಲ್ಪ ಸಣ್ಣದಾಗಿ ಕಾಣುತ್ತದೆ, ಕುರಿಯ ಅಳತೆಯೇ ಸರಿ ಎಂಬುದು ಅವನ ಅಭಿಪ್ರಾಯ. ನಾನಿದನ್ನು ಹೇಳಿದ್ದಕ್ಕೆ ಅವ್ವ, "ಎಮ್ಮಿ ಬಿಟ್ಟು ನೋಡಬೇಕಿತ್ತು, ಇದನ್ನ ಕೆಡವಿ ಹಾಕ್ತಿತ್ತು" ಅಂದಳು. ಆಮೇಲೆ ಸ್ವಲ್ಪ ತಡೆದು, "ನಮ್ಮ ಕೆರಿ ಹೊಲದ ಕಲ್ಲಿಗೆ ಎತ್ತು ಹಿಂಗ ಮೈ ತಿಕ್ಕತಿದ್ದವು" ಅಂದಳು.

ಕೆರೆ ಹೊಲದ ಕಲ್ಲು ಎಂದರೆ ವೀರಗಲ್ಲು. ನಮ್ಮ ಸೀಮೆಯಲ್ಲಿ ಎಡವಿದರೆ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಇನ್ನೂ ಮೇಲೆ ಸೂರ್ಯಚಂದ್ರರು. ನಮ್ಮದರಲ್ಲಿ ಕಾಳಗದ ಕೆಳಗೆ ಸಾಲಾಗಿ ದನಗಳಿವೆ. ತುರು ಕಾಯುತ್ತ ಸತ್ತವನ ಕಲ್ಲು. ಚಿಕ್ಕಂದಿನಲ್ಲಿ ಅದರ ನೆತ್ತಿಯ ಮೇಲೆ ಕೂತು ಶೇಂಗಾ ತಿಂದಿದ್ದೇನೆ, ಅಪ್ಪ ಕುಡುಗೋಲು ಮಸೆದಿದ್ದಾನೆ. ತಪ್ಪು ಅಂತ ಯಾರೂ ಹೇಳಿರಲಿಲ್ಲ. ಹಬ್ಬಕ್ಕೊಂದು ಕಾಯಿ, ಮಿಕ್ಕ ದಿನ ಎತ್ತು, ಹುಡುಗರು, ಮಳೆ.

ವಿಚಿತ್ರ ಶಿಲ್ಪ ಎಂದು ಪರದೇಶದವರನ್ನು ನೋಡಿ ಬೆರಗಾಗುವ ನಮಗೆ ಮಂಡ್ಯ ಸೀಮೆಯ ಆತಕೂರಿನ ಕಲ್ಲು ನೆನಪಿರಬೇಕಿತ್ತು. ಕ್ರಿ.ಶ. 949ರ ಹೊತ್ತಿನ ಆ ಕಲ್ಲಿನಲ್ಲಿ ಕೆತ್ತಿರುವುದು ಹಂದಿಯೊಂದಿಗೆ ಕಾದಾಡುವ ನಾಯಿ. ಹೆಸರು ಕಾಳಿ. ಹಂದಿಯನ್ನು ಕೊಂದು ತಾನೂ ಸತ್ತಿತು. ಒಡೆಯ ಮಣಲೆರ ಅದಕ್ಕಾಗಿ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಇದಕ್ಕೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಎಂದು ಬರೆಸಿದ. ಸಾವಿರ ವರ್ಷದ ಹಿಂದೆ ನಾಯಿಗೆ ಕಲ್ಲು ನಿಲ್ಲಿಸಿದ ಜನ ನಾವು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇರಲಿ, ಉಳಿದಿದೆಯಲ್ಲ.

ನನ್ನ ತಕರಾರು ಇಷ್ಟು: ಇವತ್ತು ನಮ್ಮಲ್ಲಿ ಬಯಲಲ್ಲಿ ಒಂದು ಮೂರ್ತಿ ನಿಂತಿತು ಎಂದರೆ ಅದು ಒಂದೋ ದೇವರು, ಇಲ್ಲವೇ ನಾಯಕರು. ದೇವರಾದರೆ ಚಪ್ಪಲಿ ಬಿಡಬೇಕು. ನಾಯಕರಾದರೆ ಗ್ರಿಲ್ಲು, ಜಯಂತಿಗೊಂದು ಮಾಲೆ, ಮೇಲೆ ಹತ್ತಲು ಕ್ರೇನು, ಉಳಿದ ದಿನ ಕಾಗೆ. ಸುಮ್ಮನೆ ನಿಂತ, ಯಾರದ್ದೂ ಅಲ್ಲದ, ಯಾರ ಗೌರವಕ್ಕೂ ಧಕ್ಕೆ ತರಲಾರದ ಒಂದು ಆಕೃತಿಗೆ ನಮ್ಮ ಸರ್ಕಲ್ಲುಗಳಲ್ಲಿ ಜಾಗವಿಲ್ಲ.

ಹಾಗೆಂದು ಇಲ್ಲಿಯದೆಲ್ಲ ಅರ್ಥವಾಗುತ್ತದೆ ಅಂತಲ್ಲ. ಡೆನಿಸ್ ಆಪನ್‌ಹೈಮ್ ಎಂಬ ಅಮೆರಿಕದ ಕಲಾವಿದ ಮಾಡಿದ ಉಕ್ಕಿನ ಮರಗಳು ಅಲ್ಲಿವೆ. ಎಲೆಗಳ ಬದಲು ಕೊಂಬೆಗಳಲ್ಲಿ ಸ್ನಾನದ ತೊಟ್ಟಿ, ನಾಯಿಗೂಡಿನಂಥ ಮನೆಯ ಸಾಮಾನು. ನಾನು ವಿವರಣೆಯ ಫಲಕ ಹುಡುಕುತ್ತಿದ್ದೆ. ಅವ್ವನಿಗೆ ಅದು ಬೇಕಾಗಲಿಲ್ಲ. "ವರದಾ ಹೊಳಿ ಬಂದು ಇಳದ ಮ್ಯಾಲೆ ಜಾಲಿ ಗಿಡಕ್ಕ ಬಕೀಟು, ಚಾಪಿ ಹಿಂಗ ಸಿಕ್ಕೊಂಡಿರತಾವಲ್ಲ." 2019ರ ನೆರೆಯ ಮಾತು ಅದು. ಗುಡ್ಡದ ಮೇಲೆ ಬಾರ್ಬರಾ ಹೆಪ್‌ವರ್ತ್‌ಳ ಒಂಬತ್ತು ಕಂಚಿನ ಆಕೃತಿಗಳಿವೆ, ಚೌಕದ ಮೇಲೆ ಚೌಕ ಪೇರಿಸಿದ ಹಾಗೆ. ಮನುಷ್ಯ ಕುಟುಂಬ ಎಂಬರ್ಥದ ಹೆಸರು, 1970ರ ಕೆಲಸ. ಅವುಗಳನ್ನು ಕಂಡದ್ದೇ ಅವ್ವ ಕೈ ಮುಗಿದಳು. ಯಲ್ಲಮ್ಮನ ಗುಡ್ಡದಲ್ಲಿ ಸ್ವಂತ ಮನೆಯಾಗಲಿ ಅಂತ ಕಲ್ಲ ಮೇಲೆ ಕಲ್ಲಿಟ್ಟು ಹರಕೆ ಹೊರುತ್ತಾರಲ್ಲ, ಅದೇ ಇದು ಅಂದುಕೊಂಡಿದ್ದಾಳೆ. ನಾನು ತಿದ್ದಲಿಲ್ಲ. ಇಲ್ಲಿ ನಮ್ಮ ಮನೆ ಇನ್ನೂ ಬಾಡಿಗೆಯದು.

ನಮ್ಮ ಶಿಗ್ಗಾಂವಿ ಹತ್ತಿರ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅವ್ವ ಎರಡು ಸಲ ಹೋಗಿದ್ದಾಳೆ. ಅಲ್ಲಿ ಸಿಮೆಂಟಿನ ಹೆಂಗಸು ರೊಟ್ಟಿ ಬಡಿದರೆ ನಿಜವಾಗಿ ಬಡಿದಂತೆಯೇ. ಎರಡರಲ್ಲಿ ಯಾವುದು ಸೇರಿತು ಎಂದು ಕೇಳಿದೆ. ತಡವರಿಸದೆ "ಗೊಟಗೋಡಿ" ಅಂದಳು. "ಅಲ್ಲಿ ಎಲ್ಲಾ ಗುರ್ತು ಸಿಗತೈತಿ. ಆದ್ರ ಇಲ್ಲಿ ನಾ ಭಾಳ ಮಾತಾಡಿದೆ ನೋಡು." ಇದನ್ನು ಯಾವ ವಿಮರ್ಶಕನಾದರೂ ಹೇಳಿದ್ದರೆ ಬರೆದಿಟ್ಟುಕೊಳ್ಳುತ್ತಿದ್ದೆ.

ಕೊನೆಗೆ ಹೋಗಿದ್ದು ಜಿಂಕೆ ಕೊಟ್ಟಿಗೆಗೆ. ಹದಿನೆಂಟನೇ ಶತಮಾನದಲ್ಲಿ ಜಿಂಕೆಗಳ ಆಸರೆಗೆ ಕಟ್ಟಿದ್ದು. ಅದರ ಹಿಂದೆ 2006ರಲ್ಲಿ ಜೇಮ್ಸ್ ಟರೆಲ್ ಎಂಬ ಕಲಾವಿದ ಒಂದು ಚೌಕ ಕೋಣೆ ಮಾಡಿದ. ಸುತ್ತ ಕಾಂಕ್ರೀಟಿನ ಕಟ್ಟೆ, ಛಾವಣಿಯ ನಡುವೆ ಚೌಕಾಕಾರದ ತೂತು, ಅಷ್ಟೇ. ಕೂತು ಆಕಾಶ ನೋಡುವುದು. ಬೂದು ಮೋಡವೇ ಆ ಚೌಕಟ್ಟಿನೊಳಗೆ ಬಂದಾಗ ಬೂದಾಗಿ ಉಳಿಯುವುದಿಲ್ಲ. ತೆಳು ನೀಲಿ, ಸ್ವಲ್ಪ ಹೊತ್ತಿಗೆ ಹಾಲುಬಣ್ಣ, ಅಂಚಿನಲ್ಲಿ ಏನೋ ಕೆಂಪು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅವ್ವ ಕೋಟಿನ ಗುಂಡಿ ಬಿಚ್ಚಿ, ಗೋಡೆಗೆ ಒರಗಿ, ಬೂಟಿನ ಕಾಲು ಚಾಚಿ ಕೂತಿದ್ದಳು, ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂರುವ ಹಾಗೆ.

"ನಮ್ಮ ಹಳೇ ಮನಿ ಬೆಳಕಿಂಡಿ" ಅಂದಳು. ಮಣ್ಣಿನ ಮಾಳಿಗೆಯ ಮನೆ ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಹನಿ ಶುರುವಾಯಿತು. ತೂತಿನಿಂದ ನೇರ ಕೋಣೆಯ ನಡುವಿಗೆ. ಅವ್ವ ತಟ್ಟನೆ ಎದ್ದಳು. "ಮಳಿ ಬಂದ್ರ ಮುಚ್ಚಾಕ ಒಂದು ಕಲ್ಲೂ ಇಟ್ಟಿಲ್ಲೇನಿವ?"

ಮನೆಗೆ ಬಂದು ಆ ರಾತ್ರಿ ತಾನೇ ಒಲೆಯ ಮುಂದೆ ನಿಂತು ಜೋಳದ ಹಿಟ್ಟಿಗೆ ಕೈ ಹಾಕಿದಳು. ಆ ಚಳಿಗಾಲ ಇನ್ನೂ ಐದು ಸಲ ಹೋದೆವು. ಪಾರ್ಕಿಂಗ್ ದುಡ್ಡು, ಅಲ್ಲಿಯ ಚಹಾದ ದರ ಎರಡನ್ನೂ ಅವಳಿಗೆ ರೂಪಾಯಿ ಲೆಕ್ಕದಲ್ಲಿ ಹೇಳಲಿಲ್ಲ.

ಹೋದ ವರ್ಷ ಊರಿಗೆ ಹೋದಾಗ ಕೆರೆ ಹೊಲದ ಕಲ್ಲು ನೋಡೋಣ ಎಂದು ಅವ್ವನೊಂದಿಗೆ ಹೊರಟೆ. ಕಲ್ಲಿನ ಸುತ್ತ ಕಟ್ಟೆ, ಕಟ್ಟೆಯ ಸುತ್ತ ಕಬ್ಬಿಣದ ಗ್ರಿಲ್ಲು, ಮೇಲೆ ತಗಡು. ವೀರನಿಗೆ ಹಳದಿ ಆಯಿಲ್ ಪೇಂಟು, ದನಗಳಿಗೆ ಬಿಳಿ. ಗ್ರಿಲ್ಲಿಗೆ ಬೀಗ. ಕೀಲಿ ಇದ್ದ ಕಾಕಾ ಅರ್ಧ ತಾಸಿಗೆ ಬಂದು, ಉತ್ಸಾಹದಿಂದ ಬೀಗ ತೆಗೆದು, ಊರಲ್ಲಿ ವರ್ಗಣಿ ಎತ್ತಿ ಮಾಡಿಸಿದ್ದು ಎಂದು ತೋರಿಸಿದರು. ನಾನು ಕುರಿಯ ಕತೆ ಹೇಳಿದೆ.

"ಬೇಲಿ ಇಲ್ಲದ ಬಿಟ್ಟಾರ? ಕಳುವಾಗೂದಿಲ್ಲೇನು ತಮ್ಮಾ?"

ಸುಳ್ಳು ಹೇಳಲಾಗಲಿಲ್ಲ. 2005ರ ಡಿಸೆಂಬರ್‌ನಲ್ಲಿ ಇದೇ ಮೂರ್‌ನ ಎರಡು ಟನ್ನು ಮೀರಿದ ಕಂಚಿನ ಶಿಲ್ಪವೊಂದನ್ನು ಅವನು ಬಾಳಿ ಕೆಲಸ ಮಾಡಿದ ಪೆರಿ ಗ್ರೀನ್ ಎಂಬ ಹಳ್ಳಿಯ ಅಂಗಳದಿಂದ ಕ್ರೇನ್ ಇದ್ದ ಲಾರಿ ತಂದು ಎತ್ತಿಕೊಂಡು ಹೋದರು. ಕರಗಿಸಿ ಗುಜರಿಗೆ ಹಾಕಿರಬೇಕು ಎಂದು ಪೊಲೀಸರೇ ಹೇಳಿದರು. ಲಕ್ಷಾಂತರ ಪೌಂಡಿನ ವಸ್ತು ಒಂದೂವರೆ ಸಾವಿರಕ್ಕೆ. 2011ರಲ್ಲಿ ಲಂಡನ್ನಿನ ಪಾರ್ಕೊಂದರಿಂದ ಹೆಪ್‌ವರ್ತ್‌ಳ ಶಿಲ್ಪವೂ ಹೋಯಿತು.

"ಮತ್ತ?" ಎಂದರು ಕಾಕಾ.

"ಮತ್ತೂ ಹಂಗ ಬಿಟ್ಟಾರ, ಕಾಕಾ."

ಅವರು ತಲೆ ಅಲ್ಲಾಡಿಸಿದರು, ಒಪ್ಪಿಯೋ ಒಪ್ಪದೆಯೋ ತಿಳಿಯಲಿಲ್ಲ. ಅವ್ವ ಅಷ್ಟರಲ್ಲಿ ಒಳಗೆ ಹೋಗಿ, ಸಾಲಿನ ಕಡೆಯ ದನದ ಕೋಡಿನ ಮೇಲಿದ್ದ ಬಿಳಿ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಕಾಕಾ ನೋಡಿದರು, ಏನೂ ಅನ್ನಲಿಲ್ಲ. ಕೀಲಿ ನನ್ನ ಕೈಗೆ ಕೊಟ್ಟು, "ಹೋಗೂಮುಂದ ಹಾಕ್ಕೊಂಡು ಬರ್ರಿ" ಎಂದು ಹೊಲದ ಕಡೆ ನಡೆದರು.