ಯುನೈಟೆಡ್ ಬ್ರೂವರೀಸ್ ಮತ್ತು ಮಲ್ಯ: ಒಂದು ಸ್ಪಷ್ಟನೆ

ಕಿಂಗ್‌ಫಿಷರ್ ಬಿಯರ್ ತಯಾರಿಸುವ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ವಿಜಯ್ ಮಲ್ಯ ಸ್ಥಾಪಿಸಿದರು, ಅವರ ವಿಮಾನಯಾನ ಸಂಸ್ಥೆಯ ಜೊತೆಗೇ ಅದೂ ಮುಳುಗಿತು ಎಂಬ ಮಾತು ಹರಿದಾಡುತ್ತಿದೆ. ಇದರಲ್ಲಿ ಎರಡೂ ಭಾಗ ತಪ್ಪು.

ದಕ್ಷಿಣ ಭಾರತದ ಐದು ಸಣ್ಣ ಬಿಯರ್ ತಯಾರಿಕಾ ಘಟಕಗಳನ್ನು ಒಗ್ಗೂಡಿಸಿ 1915ರಲ್ಲಿ ಈ ಕಂಪನಿಯನ್ನು ಕಟ್ಟಿದವರು ಸ್ಕಾಟ್ಲೆಂಡ್ ಮೂಲದ ಥಾಮಸ್ ಲೀಶ್‌ಮನ್; ಆ ಘಟಕಗಳಲ್ಲೊಂದಾದ ಕ್ಯಾಸಲ್ ಬ್ರೂವರಿಯ ಇತಿಹಾಸ 1857ರಷ್ಟು ಹಿಂದಕ್ಕೆ ಹೋಗುತ್ತದೆ. ಷೇರುಗಳನ್ನು ಕೊಳ್ಳುತ್ತಾ ಬಂದ, ವಿಜಯ್ ಅವರ ತಂದೆ ವಿಠಲ ಮಲ್ಯ ಅವರು 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರಾದರು. ಬೆಂಗಳೂರಿನ ರಸ್ತೆಯೊಂದಕ್ಕೆ ಇರುವುದು ಈ ತಂದೆಯ ಹೆಸರೇ ಹೊರತು ಮಗನದ್ದಲ್ಲ. ವಿಜಯ್ ಮಲ್ಯ ಅಧಿಕಾರ ವಹಿಸಿಕೊಂಡದ್ದು 1983ರಲ್ಲಿ, ತಂದೆಯ ನಿಧನದ ನಂತರ.

ಇನ್ನು ಮುಳುಗಿದ ವಿಷಯ. 2005ರಲ್ಲಿ ಹಾರಾಟ ಆರಂಭಿಸಿ 2012ರಲ್ಲಿ ನಿಲ್ಲಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್ ಪ್ರತ್ಯೇಕ ಕಂಪನಿಯಾಗಿತ್ತು. ಹೆಸರು ಒಂದೇ ಆದದ್ದೇ ಗೊಂದಲದ ಮೂಲವೆಂದು ತೋರುತ್ತದೆ. ಆ ವಿಮಾನಯಾನ ಸಂಸ್ಥೆಯ ಸಾಲಕ್ಕೆ ಖಾತರಿ ನೀಡಿದ್ದ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್ ಎಂಬ ಇನ್ನೊಂದು ಕಂಪನಿಯನ್ನು ಮುಚ್ಚುವಂತೆ ಕರ್ನಾಟಕ ಹೈಕೋರ್ಟ್ 2017ರಲ್ಲಿ ಆದೇಶಿಸಿತೇ ವಿನಾ ಬಿಯರ್ ಕಂಪನಿಯನ್ನಲ್ಲ. 2021ರ ಜೂನ್‌ನಲ್ಲಿ, ಸಾಲ ವಸೂಲಾತಿಗಾಗಿ ಮಾರಾಟಕ್ಕಿಡಲಾದ ಯುನೈಟೆಡ್ ಬ್ರೂವರೀಸ್‌ನ ಸುಮಾರು ಶೇ 15ರಷ್ಟು ಷೇರುಗಳನ್ನು ಕೊಂಡ ನೆದರ್ಲೆಂಡ್ಸ್‌ನ ಬಿಯರ್ ಕಂಪನಿ ಹೈನಕೆನ್, ತನ್ನ ಪಾಲನ್ನು ಶೇ 46.5ರಿಂದ ಶೇ 61.5ಕ್ಕೆ ಏರಿಸಿಕೊಂಡು ಕಂಪನಿಯ ನಿಯಂತ್ರಣ ಪಡೆಯಿತು.