ಫಿಲ್ಮಿನ ಮೃದುತ್ವವನ್ನು ಡಿಜಿಟಲ್ ಗ್ರೇಡಿಂಗ್‌ನಲ್ಲಿ ಮರುಸೃಷ್ಟಿಸಬೇಕೇ?

ಪರ: ಮನುಷ್ಯರ ಮುಖಕ್ಕೆ ಅದು ಬೇಕು
*ಚಿತ್ರೀಕರಿಸಿದ್ದರ ಬಣ್ಣ, ಬೆಳಕನ್ನು ಹದಗೊಳಿಸುವ (ಗ್ರೇಡಿಂಗ್ ಮಾಡುವ) ಒಬ್ಬ ಕಲರಿಸ್ಟ್ ಬರೆಯುತ್ತಾರೆ*

ಡಿಜಿಟಲ್ ಕ್ಯಾಮೆರಾದಿಂದ ಬಂದ ಚಿತ್ರವನ್ನು ಬಂದ ಹಾಗೆಯೇ ಯಾವ ಪ್ರೇಕ್ಷಕರೂ ನೋಡುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಚರ್ಚೆ ಪ್ರತಿ ಸಲವೂ ಇದನ್ನು ಮರೆತೇ ಶುರುವಾಗುತ್ತದೆ. ಸೆನ್ಸರ್ ಕೊಡುವುದು ಬೆಳಕಿನ ಅಳತೆಗಳನ್ನು ಮಾತ್ರ. ಅವನ್ನು ಲಾಗ್ ರೂಪದಲ್ಲಿ, ಅಂದರೆ ನೆರಳಿನ ಮತ್ತು ಬೆಳಕಿನ ವಿವರಗಳೆರಡೂ ಉಳಿಯುವಂತೆ ಹಿಂಡಿ ಬರೆದ ರೂಪದಲ್ಲಿ, ಪರದೆಯ ಮೇಲೆ ತೆರೆದರೆ ಕಾಣುವುದು ಬೂದು ಬಣ್ಣದ ಸಪ್ಪೆ ಚಿತ್ರ. ಕಪ್ಪು ಎಷ್ಟು ಕಪ್ಪಾಗಬೇಕು, ಬಿಳಿ ಎಲ್ಲಿ ನಿಲ್ಲಬೇಕು, ಕೆಂಪು ಎಷ್ಟು ದಟ್ಟವಾಗಬೇಕು ಎಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು. ಕ್ಯಾಮೆರಾ ಕಂಪನಿಯ ಎಂಜಿನಿಯರ್ ತೀರ್ಮಾನಿಸಿದರೆ ಸಹಜ, ಛಾಯಾಗ್ರಾಹಕ ಮತ್ತು ಕಲರಿಸ್ಟ್ ಕೂತು ತೀರ್ಮಾನಿಸಿದರೆ ನಕಲಿ ಎನ್ನುವುದು ಯಾವ ನ್ಯಾಯ?

ಆ ಲಾಗ್ ಎಂಬುದರ ಮೂಲವೂ ಫಿಲ್ಮೇ. 1990ರ ದಶಕದ ಆರಂಭದಲ್ಲಿ ಕೊಡಾಕ್ ಕಂಪನಿ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತರಲು ಸಿನಿಯಾನ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ನೆಗೆಟಿವ್‌ನ ಸಾಂದ್ರತೆಯನ್ನು (ಅದು ಎಷ್ಟು ಬೆಳಕನ್ನು ತಡೆಯುತ್ತದೆ ಎಂಬುದನ್ನು) 10 ಬಿಟ್‌ಗಳಲ್ಲಿ, ಲಾಗರಿದಮ್ ಅಳತೆಯಲ್ಲಿ ಬರೆದಿಡುವ ಕ್ರಮ ಅದು. ಕ್ಯಾಮೆರಾ ತಯಾರಿಸುವ ಆರಿ ಕಂಪನಿಯ ಲಾಗ್-ಸಿ ವಕ್ರರೇಖೆ ಅದೇ ದಾರಿಯಲ್ಲಿ ಬಂದದ್ದು. ಸ್ಕ್ಯಾನ್ ಮಾಡಿದ ನೆಗೆಟಿವ್‌ನಂತೆ ವರ್ತಿಸಲಿ ಎಂದೇ ಅದನ್ನು ರೂಪಿಸಲಾಯಿತು. ‘ಶುದ್ಧ ಡಿಜಿಟಲ್’ ಎಂದು ನಾವು ಎತ್ತಿ ಹಿಡಿಯುವ ಕ್ಯಾಮೆರಾದ ಒಳಗೇ ಫಿಲ್ಮ್ ಕೂತಿದೆ.

ಇನ್ನು ಮೃದುತ್ವದ ವಿಚಾರ. ಬ್ಲರ್ ಹಾಕಿದರೆ ಮೃದುತ್ವ ಬರುತ್ತದೆ ಎಂದು ತಿಳಿದವರು ಬಹಳ ಮಂದಿ. ಬ್ಲರ್ ಹಾಕಿದರೆ ಕಣ್ಣಿನ ರೆಪ್ಪೆಯೂ ಹೋಗುತ್ತದೆ, ಮುಖದ ಅಂಚೂ ಹೋಗುತ್ತದೆ. ಫಿಲ್ಮ್ ಹಾಗೆ ಮಾಡುವುದಿಲ್ಲ. ವಿವರ ಸೂಕ್ಷ್ಮವಾಗುತ್ತ ಹೋದಂತೆ ಅದರಲ್ಲಿ ಕಾಂಟ್ರಾಸ್ಟ್ ನಿಧಾನವಾಗಿ ಇಳಿಯುತ್ತದೆ. ರೆಪ್ಪೆ, ಹುಬ್ಬು, ಸುಕ್ಕು ಗಟ್ಟಿಯಾಗಿ ಉಳಿಯುತ್ತವೆ. ಚರ್ಮದ ರಂಧ್ರಗಳು, ಪೌಡರಿನ ಕಣಗಳು ಹಿಂದೆ ಸರಿಯುತ್ತವೆ. ಡಿಜಿಟಲ್ ಚಿತ್ರ ತನ್ನ ಮಿತಿಯ ಹತ್ತಿರದವರೆಗೂ ಎಲ್ಲವನ್ನೂ ಒಂದೇ ಖಾರದಲ್ಲಿ ತೋರಿಸುತ್ತದೆ. ಮೊಬೈಲಿನಲ್ಲಾದರೆ ಮೇಲಿಂದ ಶಾರ್ಪ್‌ನೆಸ್ ಬೇರೆ ಸೇರಿರುತ್ತದೆ.

ಗ್ರೇನ್ (ಫಿಲ್ಮಿನ ಚಿತ್ರದಲ್ಲಿ ಕಾಣುವ ಸಣ್ಣ ಕಣಗಳ ಹಾಸು) ಕೂಡ ಹಾಗೆಯೇ ತಪ್ಪಾಗಿ ಅರ್ಥವಾಗಿರುವ ಸಂಗತಿ. ಕಲರ್ ನೆಗೆಟಿವ್‌ನಲ್ಲಿ ನಾವು ನೋಡುವುದು ಬೆಳ್ಳಿಯ ಹರಳನ್ನಲ್ಲ. ಸಂಸ್ಕರಣೆಯಲ್ಲಿ ಬೆಳ್ಳಿಯನ್ನು ತೆಗೆದುಹಾಕುತ್ತಾರೆ; ಆ ಹರಳಿನ ಸುತ್ತ ಹುಟ್ಟಿದ ಬಣ್ಣದ ಪುಟ್ಟ ಮೋಡ ಉಳಿಯುತ್ತದೆ. ಚಿತ್ರ ಅದರಿಂದಲೇ ಆಗಿರುತ್ತದೆ. ಪ್ರತಿ ಫ್ರೇಮಿಗೂ ಹೊಸ ಹರಳುಗಳು, ಹೊಸ ಜಾಗಗಳು. ಸೆಕೆಂಡಿಗೆ 24 ಸಲ ಹೊಸದಾಗಿ ನೇಯ್ದ ಮುಖವನ್ನು ಕಣ್ಣು ನೋಡುತ್ತದೆ. ಸೆನ್ಸರಿನ ಬಿಂದುಗಳಾದರೋ ಇದ್ದ ಜಾಗದಲ್ಲೇ ಇರುತ್ತವೆ. ಆದ್ದರಿಂದ ಸ್ಕ್ಯಾನ್ ಮಾಡಿದ ಗ್ರೇನಿನ ಪದರವೊಂದನ್ನು ಚಿತ್ರದ ಮೇಲೆ ಹೊದಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಗ್ರೇನ್ ಚಿತ್ರದ ಸಾಂದ್ರತೆಯನ್ನು ಅನುಸರಿಸಬೇಕು: ನಡುವಿನ ಛಾಯೆಗಳಲ್ಲಿ ಹೆಚ್ಚು ಕಾಣಬೇಕು, ಅಚ್ಚ ಬಿಳಿಯಲ್ಲಿ ಮತ್ತು ಅಚ್ಚ ಕಪ್ಪಿನಲ್ಲಿ ಅಡಗಬೇಕು, ಮೂರು ಬಣ್ಣದ ಪದರಗಳಲ್ಲಿ ಬೇರೆ ಬೇರೆಯಾಗಿ ಇರಬೇಕು.

ಬಣ್ಣದ್ದು ಇನ್ನೊಂದು ಕಥೆ. ಫಿಲ್ಮಿನಲ್ಲಿ ಬಣ್ಣ ಹುಟ್ಟುವುದು ಬೆಳಕನ್ನು ಕಳೆಯುವುದರಿಂದ. ಬಣ್ಣದ ದ್ರವ್ಯ (ಡೈ) ದಟ್ಟವಾದಷ್ಟೂ ಬಣ್ಣ ಗಾಢವಾಗುತ್ತದೆ, ಜೊತೆಗೆ ಕೊಂಚ ಕತ್ತಲಾಗುತ್ತದೆ. ಡಿಜಿಟಲ್‌ನಲ್ಲಿ ಸ್ಯಾಚುರೇಶನ್ (ಬಣ್ಣದ ತೀವ್ರತೆ) ಏರಿಸಿದರೆ ಕೆಂಪು ಬಟ್ಟೆ ನಿಯಾನ್ ದೀಪದಂತೆ ಉರಿಯತೊಡಗುತ್ತದೆ. ಕಣ್ಣಿಗೆ ಚುಚ್ಚುವ ಆ ಕೆಂಪನ್ನು ಸಾಂದ್ರತೆಯ ಮೂಲಕ ಇಳಿಸಿದಾಗಲೇ ಅದು ಬಟ್ಟೆಯಾಗುತ್ತದೆ.

ಇದನ್ನೆಲ್ಲ ಏಕೆ ಇಷ್ಟು ಹಟದಿಂದ ಹೇಳುತ್ತೇನೆ ಎಂಬುದಕ್ಕೆ ಒಂದು ಚಿತ್ರದ ಅನುಭವ ಕಾರಣ. ಕಥೆಯ ಕೇಂದ್ರದಲ್ಲಿ ಅರವತ್ತು ದಾಟಿದ ಒಬ್ಬ ತಾಯಿ. ಮಗನ ಎದುರು ಕೂತು, ಕೋಪವನ್ನು ನುಂಗಿಕೊಂಡು, ಅವನ ಮಾತು ಕೇಳುವ ದೃಶ್ಯ. ಕ್ಯಾಮೆರಾ ಅವರ ಮುಖದ ಹತ್ತಿರವೇ ಇದೆ. ದೊಡ್ಡ ಪರದೆಯಲ್ಲಿ ಮೊದಲ ಬಾರಿ ಹಾಕಿದಾಗ ಕಂಡದ್ದು ಮೇಕಪ್ಪಿನ ಗಡಿ, ಹಣೆಯ ಜಿಡ್ಡು, ಕೆನ್ನೆಯ ಪ್ರತಿಯೊಂದು ರಂಧ್ರ. ಕೋಣೆಯಲ್ಲಿದ್ದವರು ಅವರ ಮೌನವನ್ನು ಗಮನಿಸುವುದು ಬಿಟ್ಟು ಚರ್ಮವನ್ನು ಪರೀಕ್ಷಿಸತೊಡಗಿದರು. ನಿರ್ಮಾಪಕರು ಚರ್ಮ ನಯಗೊಳಿಸುವ ಟೂಲ್ ಹಾಕಲು ಹೇಳಿದರು. ಹಾಕಿದೆ. ಎಲ್ಲರೂ ಚೆನ್ನಾಗಿದೆ ಎಂದರು.

ಆದರೆ ದೃಶ್ಯದಿಂದ ಏನೋ ಹೋಗಿತ್ತು. ಹಿಂದೆ ಮುಂದೆ ಓಡಿಸಿ ನೋಡಿದಾಗ ತಿಳಿಯಿತು. ಆ ನಟಿ ಕೋಪ ತಡೆಯುವಾಗ ತುಟಿಯ ಎಡತುದಿಯಲ್ಲಿ ಒಂದು ಸಣ್ಣ ಮಡಿಕೆ ಮೂಡುತ್ತದೆ, ಕೂಡಲೇ ಅಳಿಸಿಹೋಗುತ್ತದೆ. ಇಡೀ ದೃಶ್ಯದ ನಟನೆ ಆ ಮಡಿಕೆಯಲ್ಲಿತ್ತು. ಟೂಲ್ ಅದನ್ನು ಸುಕ್ಕು ಎಂದು ತಿಳಿದು ಒರೆಸಿಹಾಕಿತ್ತು.

ಟೂಲ್ ತೆಗೆದುಹಾಕಿ ಫಿಲ್ಮಿನ ದಾರಿ ಹಿಡಿದೆ. ಅತಿ ಸೂಕ್ಷ್ಮ ವಿವರದ ಕಾಂಟ್ರಾಸ್ಟನ್ನು ಮಾತ್ರ ಇಳಿಸಿದೆ. ಮಡಿಕೆಯಂತಹ ಮಧ್ಯಮ ಗಾತ್ರದ ವಿವರವನ್ನು ಮುಟ್ಟಲಿಲ್ಲ. ಹಣೆಯ ಹೊಳಪು ಥಟ್ಟನೆ ಬಿಳಿಯಾಗಿ ಕತ್ತರಿಸಿಹೋಗದಂತೆ, ನೆಗೆಟಿವ್‌ನ ವಕ್ರರೇಖೆ ತನ್ನ ಭುಜದಲ್ಲಿ, ಅಂದರೆ ಹೆಚ್ಚು ಬೆಳಕಿನ ತುದಿಯಲ್ಲಿ, ಬಾಗುವ ಹಾಗೆ, ಮೇಲ್ತುದಿಯನ್ನು ಬಾಗಿಸಿದೆ. ಹಿಂದಿದ್ದ ದೀಪದ ಅಂಚಿಗೆ ತುಸು ಕೆಂಪು ಹ್ಯಾಲೇಶನ್ (ಬೆಳಕಿನ ಸುತ್ತ ಹರಡುವ ಪ್ರಭೆ) ಕೊಟ್ಟೆ. ಎಲ್ಲದರ ಮೇಲೆ ಸಣ್ಣ ಗ್ರೇನ್. ರಂಧ್ರಗಳು ಹಿಂದೆ ಸರಿದವು, ಮಡಿಕೆ ಮುಂದೆ ಬಂತು. ನಿರ್ದೇಶಕರು ನೋಡಿ ಬಣ್ಣದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಸಂಕಲನಕಾರರಿಗೆ ಫೋನ್ ಮಾಡಿ, ಆ ಶಾಟ್ ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ, ಮಗನ ಮುಖಕ್ಕೆ ಬೇಗ ಹೋಗುವುದು ಬೇಡ ಎಂದರು. ಗ್ರೇಡಿಂಗ್‌ನಿಂದಾಗಿ ಒಂದು ನಟನೆಗೆ ಪರದೆಯ ಮೇಲೆ ಹೆಚ್ಚು ಸಮಯ ಸಿಕ್ಕಿತು. ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ.

ವಿರೋಧಿಸುವವರ ಮಾತು ಕೇಳಿದರೆ, ಪ್ರತಿ ಚಿತ್ರಕ್ಕೂ ಗೀರು, ಧೂಳು, ನಡುಗುವ ಫ್ರೇಮು ಅಂಟಿಸಿ ಅದನ್ನು ಅಜ್ಜನ ಕಾಲದ್ದೆಂದು ತೋರಿಸುವುದೇ ನಮ್ಮ ಕೆಲಸ ಎನಿಸುತ್ತದೆ. ಗೀರಿನಲ್ಲಿ ನನಗೆ ಯಾವ ಆಸಕ್ತಿಯೂ ಇಲ್ಲ. ನನಗೆ ಬೇಕಾದದ್ದು ಮುಖ. 2021ರ ‘ಡ್ಯೂನ್’ ಚಿತ್ರವನ್ನು ಡಿಜಿಟಲ್‌ನಲ್ಲಿ ಚಿತ್ರೀಕರಿಸಿ, ಅದನ್ನು ಫಿಲ್ಮಿನ ಮೇಲೆ ಮುದ್ರಿಸಿ, ಮತ್ತೆ ಸ್ಕ್ಯಾನ್ ಮಾಡಿ ಡಿಜಿಟಲ್‌ಗೆ ತಂದರು. ಭವಿಷ್ಯದ ಕಥೆ ಅದು. ಹಳೆಯ ಕಾಲದ ನೆನಪಿಗೆ ಅಲ್ಲಿ ಜಾಗವೇ ಇಲ್ಲ. ಅಷ್ಟು ಕಷ್ಟಪಟ್ಟದ್ದು ಮೇಲ್ಮೈಯ ಗುಣಕ್ಕಾಗಿ. ಇನ್ನೊಂದು ಉಪಯೋಗವೂ ಇದೆ: 8 ಬಿಟ್ ಪರದೆಯಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುವುದರಿಂದ ಸಂಜೆಯ ಆಕಾಶ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಗ್ರೇನ್ ಆ ಪಟ್ಟೆಗಳನ್ನು ಕರಗಿಸುತ್ತದೆ.

ಎಲ್ಲ ಮುಗಿದ ಮೇಲೆ ಹಚ್ಚುವ ಪದರವಾಗಿ ಇದನ್ನು ನೋಡಬೇಡಿ ಎಂಬುದು ಛಾಯಾಗ್ರಾಹಕರಲ್ಲಿ ನನ್ನ ವಿನಂತಿ. ಚಿತ್ರೀಕರಣಕ್ಕೆ ಮುನ್ನವೇ ಪರೀಕ್ಷೆ ಮಾಡಿ, ರೂಪವನ್ನು ನಿರ್ಧರಿಸಿ, ಸೆಟ್ಟಿನ ಮಾನಿಟರಿನಲ್ಲಿ ಅದನ್ನೇ ಹಾಕಿಕೊಳ್ಳಿ. ನೆರಳಿನಲ್ಲಿ ಎಷ್ಟು ಉಳಿಯುತ್ತದೆ ಎಂದು ಗೊತ್ತಿದ್ದಾಗ ದೀಪ ಇಡುವ ಜಾಗವೇ ಬದಲಾಗುತ್ತದೆ.

ವಿರೋಧ: ಇಂದಿನ ಚಿತ್ರ ಇಂದಿನದಾಗಿ ಕಾಣಲಿ
*ಒಬ್ಬ ಸಂಕಲನಕಾರ ಬರೆಯುತ್ತಾರೆ*

ಈ ಬದಿಯಲ್ಲಿ ನಿಂತು ಬರೆಯಿರಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಫಿಲ್ಮಿನ ರೂಪದ ಮೇಲೆ ನನಗೆ ದ್ವೇಷವಿಲ್ಲ; ಚೆನ್ನಾಗಿ ಮಾಡಿದ್ದನ್ನು ನೋಡಿ ಸಂತೋಷಪಟ್ಟಿದ್ದೇನೆ. ಆದರೂ ವಿರೋಧಕ್ಕೆ ಕಾರಣಗಳಿವೆ, ಅವು ಸಣ್ಣವಲ್ಲ.

ಫಿಲ್ಮ್ ತಯಾರಿಸಿದವರು ಏನು ಬಯಸಿದ್ದರು ಎಂಬುದನ್ನು ಮೊದಲು ನೋಡೋಣ. ಗ್ರೇನ್ ಕಡಿಮೆಯಾಗಲಿ ಎಂದು ಅವರು ದಶಕಗಳ ಕಾಲ ದುಡಿದರು. 1980ರ ದಶಕದಲ್ಲಿ ಕೊಡಾಕ್ ಚಪ್ಪಟೆ ಆಕಾರದ ಹರಳುಗಳನ್ನು ತಂದದ್ದು ಅದಕ್ಕಾಗಿಯೇ. ಬೆಳಕು ಫಿಲ್ಮಿನ ಹಿಂಬದಿಯಿಂದ ಪ್ರತಿಫಲಿಸಿ ದೀಪಗಳ ಸುತ್ತ ಕೆಂಪು ಹರಡದಿರಲಿ ಎಂದು ಸಿನಿಮಾ ನೆಗೆಟಿವ್‌ಗೆ ರೆಮ್‌ಜೆಟ್ ಎಂಬ ಕಪ್ಪು ಇಂಗಾಲದ ಲೇಪನ ಕೊಟ್ಟರು. ಅವರು ಕಷ್ಟಪಟ್ಟು ತೊಲಗಿಸಿದ್ದನ್ನೇ ನಾವು ಸಾಫ್ಟ್‌ವೇರಿನಲ್ಲಿ ಸ್ಲೈಡರ್ ಎಳೆದು ಮತ್ತೆ ತರುತ್ತಿದ್ದೇವೆ. ಈಗ ಬರುವ ಎಷ್ಟೋ ಚಿತ್ರಗಳಲ್ಲಿರುವಷ್ಟು ಹ್ಯಾಲೇಶನ್ ಲೇಪನವಿದ್ದ ನಿಜವಾದ ನೆಗೆಟಿವ್‌ನಲ್ಲಿ ಇರುತ್ತಿರಲಿಲ್ಲ.

ಅನುಕರಣೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ 2020ರ ‘ಮ್ಯಾಂಕ್’ ಉದಾಹರಣೆ. ಏಕವರ್ಣದ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಆ ಚಿತ್ರದ ಮೂಲೆಯಲ್ಲಿ ರೀಲು ಬದಲಿಸುವ ದುಂಡು ಗುರುತುಗಳನ್ನೂ ಸೇರಿಸಿದರು. ಆ ಗುರುತು ಇದ್ದದ್ದು ಪ್ರೊಜೆಕ್ಟರ್ ನಡೆಸುವವರಿಗಾಗಿ. ಈಗ ರೀಲೂ ಇಲ್ಲ, ಬದಲಿಸುವವರೂ ಇಲ್ಲ. ಇದಕ್ಕೆ ವಿರುದ್ಧವಾಗಿ 2018ರ ‘ರೋಮಾ’ ನೋಡಿ. 1970ರ ದಶಕದ ಆರಂಭದ ಕಥೆ, ಕಪ್ಪು-ಬಿಳುಪು, ಹಳೆಯ ಫಿಲ್ಮಿನಂತೆ ಮಾಡಲು ಎಲ್ಲ ನೆಪಗಳೂ ಇದ್ದವು. ಅಲ್ಫೋನ್ಸೊ ಕ್ವಾರೋನ್ ದೊಡ್ಡ ಸೆನ್ಸರಿನ ಡಿಜಿಟಲ್ ಕ್ಯಾಮೆರಾ ಹಿಡಿದು ಸ್ವಚ್ಛವಾದ, ಇಂದಿನ ಕಪ್ಪು-ಬಿಳುಪನ್ನು ತೆಗೆದರು. 2004ರ ‘ಕೊಲ್ಯಾಟರಲ್’ನಲ್ಲಿ ಮೈಕೇಲ್ ಮಾನ್ ನಗರದ ರಾತ್ರಿಯ ಆಕಾಶ ಕಾಣಲೆಂದೇ ಹೆಚ್ಚಿನ ಭಾಗವನ್ನು ಡಿಜಿಟಲ್‌ನಲ್ಲಿ ಚಿತ್ರೀಕರಿಸಿದರು. ಡಿಜಿಟಲ್‌ಗೆ ತನ್ನದೇ ಕಣ್ಣಿದೆ ಎಂದು ನಂಬಿದವರು ಮಾಡಿದ ಕೆಲಸ ಇದು.

ಈಗಿನ ಗ್ರೇಡಿಂಗ್‌ನಲ್ಲಿ ಆ ಹುಡುಕಾಟ ಕಡಿಮೆ. ಕೊಡಾಕ್ 2383 ಪ್ರಿಂಟ್ ಫಿಲ್ಮಿನ ಲಟ್ (ಬಣ್ಣಗಳನ್ನು ಬದಲಿಸುವ ಸಿದ್ಧ ಕೋಷ್ಟಕ) ಹಾಕುವುದು, ನೆರಳಿಗೆ ನೀಲಿ-ಹಸಿರು, ಬೆಳಕಿಗೆ ಬೆಚ್ಚನೆಯ ಛಾಯೆ ಕೊಡುವುದು, ಮುಗಿಸುವುದು. ಹಾಸ್ಯಚಿತ್ರಕ್ಕೂ ಕೊಲೆಯ ಕಥೆಗೂ ಒಂದೇ ಬಣ್ಣ. ಕ್ಯಾಮೆರಾ ಕೊಡುವ ಚಿತ್ರವೂ ಯಾರದೋ ಆಯ್ಕೆ ತಾನೇ ಎಂದು ವಾದಿಸುವವರಿದ್ದಾರೆ. ಆ ತತ್ತ್ವಚರ್ಚೆಗೆ ನಾನು ಇಳಿಯುವುದಿಲ್ಲ. ಚಿತ್ರಗಳು ಒಂದರಂತೆ ಒಂದು ಕಾಣುತ್ತಿವೆ ಎಂಬುದು ನನ್ನ ದೂರು. ಮುಖದ ಚರ್ಮದ ಪ್ರಶ್ನೆಯೂ ಅಷ್ಟೇ: ಬೆಳಕು, ಮೇಕಪ್, ಮಸೂರದ ಮುಂದಿನ ಡಿಫ್ಯೂಶನ್ ಫಿಲ್ಟರ್ ಇವುಗಳಿಂದ ಸೆಟ್ಟಿನಲ್ಲೇ ಪರಿಹಾರವಾಗಬೇಕಾದದ್ದು.

ಅಷ್ಟೆಲ್ಲ ಸೂಕ್ಷ್ಮವಾಗಿ ಕಟ್ಟಿದ ಗ್ರೇನ್ ಪ್ರೇಕ್ಷಕರನ್ನು ತಲುಪುತ್ತದೆಯೇ ಎಂಬುದೂ ಅನುಮಾನ. ಪ್ರತಿ ಫ್ರೇಮಿನಲ್ಲೂ ಬದಲಾಗುವ ಗ್ರೇನನ್ನು ಕಂಪ್ರೆಸ್ ಮಾಡುವುದು ಕಷ್ಟ. ಕಡಿಮೆ ಬಿಟ್‌ರೇಟಿನಲ್ಲಿ ಅದು ಕಲಸಿ ಚೌಕಚೌಕವಾಗುತ್ತದೆ. 2018ರಲ್ಲಿ ಬಂದ ಎವಿ1 ಎಂಬ ಕೊಡೆಕ್‌ನಲ್ಲಿ (ವೀಡಿಯೊ ಕುಗ್ಗಿಸುವ ವಿಧಾನದಲ್ಲಿ) ಗ್ರೇನನ್ನು ಮೊದಲೇ ತೆಗೆದುಹಾಕಿ, ಅದರ ಲಕ್ಷಣಗಳನ್ನು ಮಾತ್ರ ಕಳುಹಿಸಿ, ನೋಡುವವರ ಟೀವಿಯಲ್ಲಿ ಹೊಸ ಗ್ರೇನನ್ನು ಸೃಷ್ಟಿಸುವ ಸೌಲಭ್ಯವಿದೆ. ಆಗ ಕಲರಿಸ್ಟ್ ಹಾಕಿದ ಗ್ರೇನಿನ ಒಂದು ಕಣವೂ ಮನೆ ತಲುಪುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದಿಷ್ಟನ್ನು ಬಿಟ್ಟುಕೊಡಲು ನಾನು ಸಿದ್ಧ. ಬಿಟ್ಟುಕೊಡಲಾಗದ್ದು ಒಂದಿದೆ. ಒಂದು ಸಾಕ್ಷ್ಯಚಿತ್ರದ ಸಂಕಲನದಲ್ಲಿ ಹಳೆಯ ಸುದ್ದಿಚಿತ್ರದ ತುಣುಕುಗಳ ನಡುವೆ ನಟರಿಂದ ಮಾಡಿಸಿದ ಮರುಸೃಷ್ಟಿಯ ದೃಶ್ಯಗಳನ್ನು ಜೋಡಿಸಿದ್ದೆವು. ಎರಡೂ ಬೇರೆ ಬೇರೆಯಾಗಿ ಕಾಣಬೇಕೆಂದು ನಾನು ಹೇಳಿದ್ದೆ. ಗ್ರೇಡಿಂಗ್ ಮುಗಿಸಿ ಬಂದಾಗ ಎರಡಕ್ಕೂ ಒಂದೇ ಗ್ರೇನ್, ಒಂದೇ ಮಬ್ಬು. ಪ್ರದರ್ಶನದ ನಂತರ ಪ್ರೇಕ್ಷಕರೊಬ್ಬರು ಎದ್ದು ನಿಂತು, ಆ ಬಂಧನದ ದೃಶ್ಯವನ್ನು ಆಗ ಚಿತ್ರೀಕರಿಸಿದವರು ಯಾರು ಎಂದು ಕೇಳಿದರು. ಆಗ ಅದನ್ನು ಯಾರೂ ಚಿತ್ರೀಕರಿಸಿರಲಿಲ್ಲ. ಮರುಸೃಷ್ಟಿಗೆ ಹಾಕಿದ ಗ್ರೇನನ್ನು ತೆಗೆಯಬೇಕೆಂದು ಮರುದಿನವೇ ಪತ್ರ ಬರೆದೆ. ದಿನಾಂಕ ತಪ್ಪಿದರೆ ಬಿಡುಗಡೆ ತಪ್ಪುತ್ತದೆ ಎಂಬ ಉತ್ತರ ಬಂತು. ಚಿತ್ರ ಹಾಗೆಯೇ ಹೋಯಿತು.

ಕಥಾಚಿತ್ರದಲ್ಲಿ ಯಾರಾದರೂ ಫಿಲ್ಮಿನ ಮೃದುತ್ವ ಬೇಕೆಂದರೆ ನಾನು ಅಡ್ಡ ನಿಲ್ಲುವುದಿಲ್ಲ. ಸಾಕ್ಷ್ಯಚಿತ್ರದಲ್ಲಿ ಮಾತ್ರ ನಿಲ್ಲುತ್ತೇನೆ: ಹೊಸದಾಗಿ ತೆಗೆದದ್ದಕ್ಕೆ ಗ್ರೇನ್ ಹಾಕುವುದಾದರೆ, ಅದು ಮರುಸೃಷ್ಟಿ ಎಂಬ ಬರಹ ಆ ದೃಶ್ಯದ ಉದ್ದಕ್ಕೂ ಪರದೆಯ ಮೇಲೆ ಇರಬೇಕು.